ಗೋಲ್‌ಕೀಪರನಿಗೆ ಕೇಳುತ್ತಿದ್ದ ಐದು ಪ್ರಶ್ನೆ

ಮೈದಾನದ ಬದಿಯಲ್ಲಿ ಕೂರುವ ಫಿಸಿಯೋಥೆರಪಿಸ್ಟನಿಗೆ ಆಟ ಕಾಣುವುದಿಲ್ಲ. ಎಲ್ಲರ ಕಣ್ಣು ಚೆಂಡಿನ ಹಿಂದೆ ಹೋಗುತ್ತದೆ. ಚೆಂಡು ಹೋದ ಮೇಲೆ ನೆಲದಿಂದ ಯಾರು ಎದ್ದಿಲ್ಲ ಎಂದು ನೋಡುವುದು ನಮ್ಮ ಕೆಲಸ. ಫುಟ್‌ಬಾಲ್ ಕ್ಲಬ್ಬಿನ ಬೆಂಚಿನ ತುದಿಯಲ್ಲಿ ನಾನು ವರ್ಷಗಟ್ಟಲೆ ಕೂತಿದ್ದೇನೆ. ಯಾವ ಗೋಲು ಚೆಂದವಿತ್ತು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ತಬ್ಬಿಬ್ಬಾಗುತ್ತೇನೆ. ಯಾರ ಮಂಡಿ ಯಾವ ಸಂಜೆ ತಿರುಚಿತು ಎಂದು ಕೇಳಿದರೆ ತಡವಿಲ್ಲದೆ ಹೇಳುತ್ತೇನೆ.

ನಿವೃತ್ತನಾದ ಮೇಲೆ, ಈ ಕೆಲಸಕ್ಕೆ ಸೇರುವ ನಮ್ಮ ಕಡೆಯ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಲೈಸೆನ್ಸಿನ ಪರೀಕ್ಷೆ ಕಷ್ಟವೇ, ವಾರಾಂತ್ಯ ಸಿಗುತ್ತದೆಯೇ ಎಂದೆಲ್ಲ ವಿಚಾರಿಸುತ್ತಾರೆ. ಭಯದ ವಿಷಯ ಮಾತ್ರ ಯಾರೂ ಕೇಳುವುದಿಲ್ಲ. ಈ ಕೆಲಸದಲ್ಲಿ ಮುಕ್ಕಾಲು ಪಾಲು ಅದೇ ಇದೆ. ಅದಕ್ಕೇ ಮಿರ್ಚಾನ ವಿಷಯ ಬರೆದಿಡುತ್ತಿದ್ದೇನೆ.

ನಾನು ಹುಬ್ಬಳ್ಳಿಯ ಖಾದರ್. ಬೆಂಗಳೂರಿನಲ್ಲಿ ಓದಿ, ಇಲ್ಲಿಗೆ, ಬೇ ಏರಿಯಾಕ್ಕೆ ಬಂದು, ಓಕ್ಲ್ಯಾಂಡಿನ ಒಂದು ಆಸ್ಪತ್ರೆಯಲ್ಲಿ ಸೊಂಟನೋವಿನ ಅಜ್ಜಂದಿರಿಗೆ ವ್ಯಾಯಾಮ ಹೇಳಿಕೊಡುತ್ತಿದ್ದೆ. ಆಗ ಡಾಟ್‌ಕಾಮ್ ಹುಚ್ಚು ಎಲ್ಲರ ನೆತ್ತಿಗೇರಿತ್ತು. ಬೆಂಗಳೂರಿನ ಪ್ರಸಾದ್ ಎಂಬವರು ಮೌಂಟನ್ ವ್ಯೂನಲ್ಲಿ ವೆಬ್‌ಸೈಟಿನ ಕಂಪನಿ ಕಟ್ಟಿದ್ದರು. ಆಟಗಾರರ ಎದೆಯ ಮೇಲೆ ತಮ್ಮ ವೆಬ್‌ಸೈಟಿನ ಹೆಸರು ಕಾಣಲಿ ಎಂದು ಎರಡನೇ ದರ್ಜೆಯ ಒಂದು ಫುಟ್‌ಬಾಲ್ ಕ್ಲಬ್ಬನ್ನೇ ಕೊಂಡುಬಿಟ್ಟರು. ಅವರಿಗೆ ಫುಟ್‌ಬಾಲು ಗೊತ್ತಿರಲಿಲ್ಲ, ನನಗೂ ಅಷ್ಟಕ್ಕಷ್ಟೆ. ಅವರ ತಂದೆಯ ಸೊಂಟ ನನ್ನ ಕೈಯಲ್ಲಿ ಸರಿಹೋಗಿತ್ತು ಎಂಬ ಒಂದೇ ಕಾರಣಕ್ಕೆ ನನ್ನನ್ನು ಕರೆದರು. ನಾನು ಹೋದೆ.

ಮೊದಲ ಪಂದ್ಯದಲ್ಲೇ ಮಾನ ಕಳೆದುಕೊಂಡೆ. ಗೋಲ್‌ಕೀಪರನ ಎರಡು ಬೆರಳುಗಳನ್ನು ಜೋಡಿಸಿ ಪಟ್ಟಿ ಸುತ್ತಬೇಕಿತ್ತು. ಆಸ್ಪತ್ರೆಯ ಅಭ್ಯಾಸ, ಭದ್ರವಾಗಿರಲಿ ಎಂದು ಮೂರು ಸುತ್ತು ಹೆಚ್ಚಿಗೇ ಸುತ್ತಿದೆ. ಕೈಗವಸು ಏರಲಿಲ್ಲ. ಎರಡೂ ತಂಡಗಳು ಮೈದಾನಕ್ಕೆ ಇಳಿದಾಗಿತ್ತು, ರೆಫ್ರಿ ಗಡಿಯಾರ ನೋಡುತ್ತಿದ್ದರು, ನಾನು ಬೆವರು ಸುರಿಸುತ್ತ ಕತ್ತರಿ ಆಡಿಸುತ್ತಿದ್ದೆ. ಗೋಲ್‌ಕೀಪರ್ ಮಾತ್ರ ಮದರಂಗಿ ಹಚ್ಚಿಸಿಕೊಳ್ಳುವ ಮದುವಣಗಿತ್ತಿಯಂತೆ ಅಂಗೈ ಚಾಚಿ ತೆಪ್ಪಗೆ ನಿಂತಿದ್ದ. ಮರುದಿನ ಅವನೇ ಕೂರಿಸಿಕೊಂಡು ಹೇಳಿಕೊಟ್ಟ. ಬೆರಳನ್ನು ಚೆಂಡು ಹಿಡಿಯುವಾಗಿನಂತೆ ಸ್ವಲ್ಪ ಬಗ್ಗಿಸಿಟ್ಟು ಪಟ್ಟಿ ಸುತ್ತಬೇಕು, ಪಟ್ಟಿಯನ್ನು ಉದ್ದಕ್ಕೆ ಹರಿದು ತೆಳುವಾಗಿಸಬೇಕು. ಯಾವ ಪುಸ್ತಕದಲ್ಲೂ ಇದು ಇರಲಿಲ್ಲ.

ಅವನೇ ಮಿರ್ಚಾ, ರೊಮೇನಿಯಾದವನು. ಆಗ ಮೂವತ್ತಮೂರು ದಾಟಿತ್ತು. ನನ್ನ ಹೆಂಡತಿ ನಸೀಮಾ ಹೆಸರು ಕೇಳಿದ ಕೂಡಲೇ ನಕ್ಕು, ಅವನು ಮನೆಗೆ ಬಂದ ದಿನ ಮಿರ್ಚಿ ಭಜಿಯನ್ನೇ ಮಾಡಿ ಬಡಿಸಿದಳು. ಕಣ್ಣಲ್ಲಿ ನೀರು ಸುರಿಸುತ್ತ ಆರು ತಿಂದ. ಅವನ ಹೆಂಡತಿ ಎಲೆನಾ ಒಂದಕ್ಕೇ ನಿಲ್ಲಿಸಿದಳು. ಅವರ ಮಗಳು ಆಂಕಾಗೆ ಆಗ ಆರು ವರ್ಷ, ಇಲ್ಲಿನ ಶಾಲೆಗೆ ಹೊಸದಾಗಿ ಸೇರಿದ್ದಳು.

ಅವನ ಕ್ಲಬ್ಬುಗಳ ಚರಿತ್ರೆಯನ್ನು ನಾನು ಓದಿದ್ದು ಅವನ ಮೈಮೇಲೆ. ನಮ್ಮ ಸರ್ಕಾರಿ ನೌಕರರಿಗೆ ಸರ್ವಿಸ್ ರಿಜಿಸ್ಟರ್ ಇರುವ ಹಾಗೆ ಅವನಿಗೆ ಅವನ ಮೈ. ಎಡಗೈಯ ಕಿರುಬೆರಳು ಹೊರಕ್ಕೆ ಬಾಗಿತ್ತು: ಅದು ರೈಲ್ವೆ ವರ್ಕ್‌ಶಾಪಿನ ತಂಡದ್ದು. ಹದಿನೇಳನೇ ವಯಸ್ಸಿನಲ್ಲಿ, ಹಿಮ ಗಟ್ಟಿಯಾದ ನೆಲದ ಮೇಲೆ ಮುರಿದದ್ದು. ತಂಡದ ಅಡುಗೆಯವನು ಮರದ ಚಮಚ ಕಟ್ಟಿ ಕೂರಿಸಿದನಂತೆ. ಬಲ ಭುಜ ರಾಜಧಾನಿಯ ದೊಡ್ಡ ಕ್ಲಬ್ಬಿನದು. ಅಲ್ಲಿ ಎರಡು ವರ್ಷ ಬೆಂಚಿನ ಮೇಲೆ ಕೂತು, ಕೊನೆಗೆ ಸಿಕ್ಕ ಒಂದೇ ದೊಡ್ಡ ಪಂದ್ಯದಲ್ಲಿ ಇಪ್ಪತ್ತನೇ ನಿಮಿಷಕ್ಕೆ ಭುಜ ಕಳಚಿತು. ಆ ಇಪ್ಪತ್ತು ನಿಮಿಷದಲ್ಲಿ ಗೋಲು ಬಿಟ್ಟಿಲ್ಲ ಎಂದು ಪ್ರತಿ ಸಲವೂ ಹೇಳುತ್ತಿದ್ದ. ಮಂಡಿಯ ಹೊಲಿಗೆ ಸೈಪ್ರಸ್ಸಿನದು. ಆ ಕ್ಲಬ್ಬು ಬಾಗಿಲು ಹಾಕಿಕೊಂಡಾಗ ಊರಿನ ಮೀನಂಗಡಿಯಲ್ಲಿ ಮಂಜುಗಡ್ಡೆ ಹೊತ್ತ. ಅಲ್ಲಿಂದ ಯಾರದೋ ಶಿಫಾರಸು ಹಿಡಿದು ನಮ್ಮಲ್ಲಿಗೆ ಬಂದ. ಕ್ಲಬ್ಬು ಎಂದರೆ ಅವನಿಗೆ ಎಂದೂ ಎರಡು ವರ್ಷಕ್ಕಿಂತ ಮುಂದಿನ ಮಾತಲ್ಲ. ಇಲ್ಲಿ ಮೂರನೇ ವರ್ಷ ನಡೆಯುತ್ತಿತ್ತು, ಅದೇ ಅವನಿಗೆ ದೊಡ್ಡ ಹೆಮ್ಮೆ.

ಈಗ ತಲೆಗೆ ಪೆಟ್ಟಾದರೆ ನಿಯಮಗಳ ಪುಸ್ತಕವೇ ಇದೆ. ಆಗ ಇರಲಿಲ್ಲ. ನನ್ನ ಚೀಲದಲ್ಲಿ ಒಂದು ತಣ್ಣೀರಿನ ಸ್ಪಂಜು, ಮೂಗಿಗೆ ಹಿಡಿಯುವ ಘಾಟಿನ ಒಂದು ಸೀಸೆ. ನಮ್ಮ ಕೋಚ್ ಹಳೇ ಕಾಲದ ಮನುಷ್ಯ. ಎದ್ದು ನಿಂತವನು ಆಡಬಹುದು ಎಂಬುದೇ ಅವರ ವೈದ್ಯಶಾಸ್ತ್ರ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಆಸ್ಪತ್ರೆಯ ಒಂದು ತರಬೇತಿಯಲ್ಲಿ ಕಲಿತು ಬಂದ ಐದು ಪ್ರಶ್ನೆಗಳನ್ನು ರೂಢಿಗೆ ತಂದೆ. ಇದು ಯಾವ ಊರು, ಎದುರಾಳಿ ಯಾರು, ಈಗ ಮೊದಲರ್ಧವೋ ಎರಡನೆಯದೋ, ಸ್ಕೋರ್ ಎಷ್ಟು, ಹೋದ ವಾರ ಏನಾಯಿತು. ಬಿದ್ದವನು ಐದಕ್ಕೂ ಸರಿಯಾಗಿ ಉತ್ತರಿಸಿದರೆ ಆಟ, ಇಲ್ಲದಿದ್ದರೆ ಬೆಂಚು. ಬಹಳ ಆಧುನಿಕ ಕೆಲಸ ಮಾಡಿದೆ ಎಂದು ಬೀಗಿದ್ದೆ.

ಆ ವಿಧಾನದ ಮೊದಲ ಬಲಿ ಎಲ್ ಸಾಲ್ವಡಾರಿನ ಒಬ್ಬ ಆಟಗಾರ. ತಲೆಗೆ ಸಣ್ಣ ಪೆಟ್ಟು. ಪ್ರಶ್ನೆ ಕೇಳಿದರೆ ಬಾಯಿ ಬಿಡಲಿಲ್ಲ, ಹೊರಗೆ ಕರೆಸಿದೆ. ಆಮೇಲೆ ತಿಳಿಯಿತು, ಅವನ ತಲೆಗೆ ಏನೂ ಆಗಿರಲಿಲ್ಲ. ನನ್ನ ಇಂಗ್ಲಿಷು ಅರ್ಥವಾಗಿರಲಿಲ್ಲ. ಅಷ್ಟರಲ್ಲಿ ಅವನ ಜಾಗಕ್ಕೆ ಬಂದವನು ಗೋಲು ಹೊಡೆದು ಅಲ್ಲೇ ಬೇರೂರಿದ್ದ. ನಾನು ಕ್ಷಮೆ ಕೇಳಿದೆ, ಅವನೂ ಪರವಾಗಿಲ್ಲ ಎಂದ. ಅವನನ್ನು ಹೊರಗೆ ಕರೆಸಿದ್ದನ್ನು ಗೋಲಿನ ಬಳಿ ನಿಂತು ಇನ್ನೊಬ್ಬ ನೋಡಿದ್ದ, ಅವನ ಇಂಗ್ಲಿಷೂ ಅಷ್ಟರಲ್ಲೇ ಇತ್ತು ಎಂಬುದು ನನಗೆ ಹೊಳೆಯಲಿಲ್ಲ.

ಮಿರ್ಚಾನ ಮೂರನೇ ವರ್ಷ ಮುಗಿಯಲು ಎರಡು ಪಂದ್ಯ ಉಳಿದಿದ್ದವು. ನಿಗದಿಯಾದಷ್ಟು ಪಂದ್ಯ ಆಡಿದರೆ ಮಾತ್ರ ಕಾಂಟ್ರಾಕ್ಟು ಮುಂದುವರಿಯುತ್ತದೆ ಎಂಬ ಲೀಗಿನ ಷರತ್ತಿತ್ತು, ಅದನ್ನು ಕ್ಲಬ್ಬಿನ ಮಾಲೀಕರೂ ಸಡಿಲಿಸುವಂತಿರಲಿಲ್ಲ. ಅವನಿಗೆ ಆ ಎರಡೂ ಬೇಕಿದ್ದವು. ಕಾಂಟ್ರಾಕ್ಟು ಹೋದರೆ ವೀಸಾ ಹೋಗುತ್ತದೆ. ಬೇ ಏರಿಯಾದಲ್ಲಿ ಇದರ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಪೇಚು ಬೇರೆ. ನಮ್ಮ ಎರಡನೇ ಗೋಲ್‌ಕೀಪರ್ ಆ ತಿಂಗಳಷ್ಟೇ ಕೈಗವಸು ಕಳಚಿಟ್ಟು, ಇಂಟರ್ನೆಟ್ಟಿನಲ್ಲಿ ಹೂವು ಮಾರುವ ಕಂಪನಿಗೆ ಸೇರಿಕೊಂಡಿದ್ದ. ಶೇರು ಕೊಡುತ್ತಾರಂತೆ ಎಂದು ಎಲ್ಲರ ಕೈ ಕುಲುಕಿ ಹೋದ. ಮಿರ್ಚಾ ಬಿದ್ದರೆ ಗೋಲಿನಲ್ಲಿ ನಿಲ್ಲಲು ಯಾರೂ ಇರಲಿಲ್ಲ.

ಅವನು ಬಿದ್ದ. ಮೊದಲರ್ಧ ಮುಗಿಯಲು ಹತ್ತು ನಿಮಿಷವಿತ್ತು. ಪಕ್ಕದಿಂದ ಎತ್ತರಕ್ಕೆ ಬಂದ ಚೆಂಡನ್ನು ಹಿಡಿಯಲು ಮುನ್ನುಗ್ಗಿದ. ಎದುರಾಳಿಯ ಮಂಡಿ ಅವನ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಆ ಸದ್ದು ಬೆಂಚಿನವರೆಗೆ ಕೇಳಿಸಿತು. ನಾನು ಓಡಿದೆ. ಕಣ್ಣು ತೆರೆದೇ ಇತ್ತು, ಆದರೆ ಅದು ನನ್ನನ್ನು ನೋಡಲು ಸ್ವಲ್ಪ ಹೊತ್ತು ಹಿಡಿಯಿತು. ಎಬ್ಬಿಸಿ ಕೂರಿಸಿ ಐದು ಪ್ರಶ್ನೆ ಕೇಳಿದೆ. ಅವನು ಎಡಗೈ ಎತ್ತಿ ಮುಖ ಒರೆಸಿಕೊಂಡ, ಸ್ಕೋರ್ ಬೋರ್ಡಿನ ಕಡೆ ನೋಡಿದ, ಐದಕ್ಕೂ ಉತ್ತರ ಹೇಳಿದ. ಒಂದೂ ತಪ್ಪಿರಲಿಲ್ಲ. ಕೋಚ್ ಬದಿಯಿಂದ ಹೆಬ್ಬೆರಳು ಎತ್ತಿದರು. ನಾನು ಚೀಲ ಎತ್ತಿಕೊಂಡು ಹೊರಬಂದೆ.

ವಿರಾಮ ಮುಗಿದು ತಂಡಗಳು ಮತ್ತೆ ಇಳಿದವು. ಎರಡನೆಯ ಅರ್ಧದಲ್ಲಿ ತಂಡಗಳು ದಿಕ್ಕು ಬದಲಿಸುತ್ತವೆ. ಮಿರ್ಚಾ ನೇರ ಹೋಗಿ ಹಳೆಯ ಗೋಲಿನಲ್ಲೇ ನಿಂತ. ಎದುರು ತಂಡದ ಗೋಲ್‌ಕೀಪರ್ ಬಂದು ನಗುತ್ತ ಅವನ ಭುಜ ಹಿಡಿದು ತಿರುಗಿಸಿದ. ಜನ ಚಪ್ಪಾಳೆ ತಟ್ಟಿ ನಕ್ಕರು. ಮಿರ್ಚಾ ತಾನೂ ನಕ್ಕು, ಉದ್ದಕ್ಕೆ ನಡೆದು ಆ ಕಡೆಗೆ ಹೋದ. ನಾನು ಬೆಂಚಿನಿಂದ ಎದ್ದೆ.

ಕೋಚ್ ಹತ್ತಿರ ಹೋಗಿ ಅವನನ್ನು ಹೊರಗೆ ಕರೆಸಿ ಎಂದೆ. ಯಾರನ್ನು ನಿಲ್ಲಿಸಲಿ, ನಿನ್ನನ್ನೇ ನಿಲ್ಲಿಸಲೇ ಎಂದರು. ಐದಕ್ಕೆ ಐದು ಸರಿ ಹೇಳಿದನಂತಲ್ಲ, ಪರೀಕ್ಷೆ ನಿನ್ನದೇ ತಾನೇ ಎಂದೂ ಕೇಳಿದರು. ನಾನು ಮೈದಾನಕ್ಕೆ ನುಗ್ಗಿ ಆಟ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಹೆದರಿದೆ, ನನ್ನ ಪರೀಕ್ಷೆಯೇ ಸುಳ್ಳಾಗುತ್ತದಲ್ಲ ಎಂದು ನಾಚಿಕೆಯೂ ಆಯಿತು. ನಲವತ್ತೈದು ನಿಮಿಷ, ಇನ್ನೊಂದು ಪೆಟ್ಟು ಬೀಳದಿರಲಿ ಎಂದು ಬೆಂಚಿನ ತುದಿ ಹಿಡಿದು ಕೂತಿದ್ದೆ. ಇದನ್ನು ಓದುವ ಹುಡುಗರೇ, ಆ ನಲವತ್ತೈದು ನಿಮಿಷಕ್ಕೆ ನನ್ನ ಬಳಿ ಇವತ್ತಿಗೂ ಸಮಜಾಯಿಷಿ ಇಲ್ಲ. ಅಷ್ಟರಲ್ಲಿ ಅವನು ಎರಡು ಒಳ್ಳೆಯ ಚೆಂಡು ತಡೆದ. ಅವನಿಗೆ ತಿಳಿಯದಿದ್ದರೂ ಅವನ ಕೈಗಳಿಗೆ ಕೆಲಸ ತಿಳಿದಿತ್ತು. ನಾವು ಗೆದ್ದೆವು, ಅವನನ್ನು ಹೆಗಲ ಮೇಲೆ ಹೊತ್ತು ತಂದರು.

ಪಂದ್ಯ ಮುಗಿದ ಮೇಲೆ ಅವನ ಮಣಿಕಟ್ಟಿನ ಪಟ್ಟಿ ಕತ್ತರಿಸುವುದು ನನ್ನ ಪದ್ಧತಿ. ಕತ್ತರಿಸುವಾಗ ಎಡಗೈಯ ಬಿಳಿ ಪಟ್ಟಿಯ ಮೇಲೆ ನೀಲಿ ಅಕ್ಷರ ಕಂಡವು. ಗೋಲ್‌ಕೀಪರುಗಳು ಎದುರಾಳಿಗಳ ಪೆನಾಲ್ಟಿ ಯಾವ ಕಡೆ ಬರುತ್ತದೆ ಎಂದು ಹೀಗೆ ಗುರುತು ಹಾಕಿಕೊಳ್ಳುವುದುಂಟು, ನಾನು ಎಂದೂ ಓದಿರಲಿಲ್ಲ. ಅವತ್ತು ಓದಿದೆ. ಊರಿನ ಹೆಸರು. ಎದುರಾಳಿ ತಂಡದ ಹೆಸರು. ಹೋದ ವಾರದ ಸ್ಕೋರು. ನಾನು ಕೇಳುವ ಕ್ರಮದಲ್ಲೇ ಬರೆದಿದ್ದ, ಉಳಿದೆರಡು ಉತ್ತರ ಸ್ಕೋರ್ ಬೋರ್ಡಿನ ಮೇಲೆಯೇ ಇರುತ್ತಿದ್ದವು. ಇಷ್ಟು ದಿನ ಪ್ರತಿ ಪಂದ್ಯಕ್ಕೂ ಆ ಪಟ್ಟಿ ಸುತ್ತಿ ಕೊಟ್ಟವನು ನಾನೇ.

ಯಾವಾಗಿನಿಂದ ಎಂದು ಕೇಳಿದೆ. ಎಲ್ ಸಾಲ್ವಡಾರಿನವನನ್ನು ಹೊರಗೆ ಹಾಕಿದ ದಿನದಿಂದ ಎಂದ. ತಲೆ ಸರಿಯಿದ್ದೂ ಇಂಗ್ಲಿಷು ಬಾರದೆ ಕೆಲಸ ಹೋಗಬಾರದಲ್ಲ ಎಂದ. ನಾನು ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಕ್ರಮ. ಹೀಗೆ ಕೇಳುವವನಿಗೆ ಯಾರಾದರೂ ಉತ್ತರ ಬರೆದಿಟ್ಟುಕೊಳ್ಳುತ್ತಾರೆ.

ಅಂದೇ ಆಸ್ಪತ್ರೆಗೆ ಕರೆದೊಯ್ದೆ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಡಾಕ್ಟರು ಕೊಟ್ಟ ಕಾಗದ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು: ವಿಶ್ರಾಂತಿ ಬೇಕು, ತೊಂದರೆ ಏನೂ ಇಲ್ಲವೆಂದು ಕ್ಲಬ್ಬಿನ ಥೆರಪಿಸ್ಟ್‌ಗೆ ಖಾತ್ರಿಯಾದರೆ ಆಡಬಹುದು. ಮುಂದಿನ ಭಾನುವಾರ ಕೊನೆಯ ಪಂದ್ಯ. ಶನಿವಾರದೊಳಗೆ ನಾನು ಸಹಿ ಮಾಡಬೇಕು, ಆಡಬಲ್ಲ ಎಂದು ಅಥವಾ ಬೇಡ ಎಂದು.

ಬುಧವಾರ ಪ್ರಸಾದ್ ತಮ್ಮ ಆಫೀಸಿಗೆ ಕರೆಸಿಕೊಂಡರು. ಅವರನ್ನು ಕೆಟ್ಟವರೆಂದು ಚಿತ್ರಿಸಿದರೆ ನನಗೆ ಅನುಕೂಲ, ಆದರೆ ಅವರು ಹಾಗಿರಲಿಲ್ಲ.

"ಖಾದರ್ ಅವ್ರೇ, ಸ್ಕ್ಯಾನು ಕ್ಲಿಯರ್ ಇದೆ, ತಲೆನೋವಿಲ್ಲ ಅಂತ ಅವನೇ ಹೇಳ್ತಿದಾನೆ," ಎಂದರು. "ಇದೊಂದು ಮ್ಯಾಚು ಆಡಿಬಿಟ್ರೆ ಆ ಫ್ಯಾಮಿಲಿ ಇಲ್ಲೇ ಸೆಟ್ಲ್ ಆಗುತ್ತೆ. ವೀಸಾ ಟೆನ್ಷನ್ನು ಏನು ಅಂತ ನಂಗೊತ್ತು, ಆರು ವರ್ಷ ಪಾಸ್‌ಪೋರ್ಟು ದಿಂಬಿನ ಕೆಳಗಿಟ್ಕೊಂಡು ಮಲಗಿದೀನಿ. ನೀವು ಯೋಚ್ನೆ ಮಾಡಿ, ನಾನು ಫೋರ್ಸ್ ಮಾಡಲ್ಲ."

ಫೋರ್ಸ್ ಮಾಡಿದ್ದರೆ ಎಷ್ಟೋ ಸುಲಭವಾಗುತ್ತಿತ್ತು, ಎದುರು ನಿಂತು ಜಗಳವಾಡುತ್ತಿದ್ದೆ. ಹೊರಗೆ ಬಂದು ಕಾರಿನಲ್ಲಿ ಕೂತೆ. ಅತ್ತ ದರಿ, ಇತ್ತ ಪುಲಿ. ಆಡು ಎಂದು ಬರೆದು ಮತ್ತೊಂದು ಪೆಟ್ಟು ಬಿದ್ದರೆ ಜೀವ. ಬೇಡ ಎಂದು ಬರೆದು ಅವನಿಗೆ ನಿಜವಾಗಿ ಏನೂ ಆಗಿರದಿದ್ದರೆ, ಒಂದು ಸಂಸಾರವನ್ನು ಬರೀ ನನ್ನ ಅನುಮಾನಕ್ಕೆ ವಿಮಾನ ಹತ್ತಿಸಿದಂತೆ. ಒಮ್ಮೆ ಹಾಗೆ ಒಬ್ಬನನ್ನು ಹೊರಗೆ ಹಾಕಿದವನೇ ನಾನು. ಗೋಲು ತಪ್ಪಿ ನಿಂತದ್ದು ಗುಂಗಿನಲ್ಲಿ ಆದದ್ದು, ಹಾಗೆ ಯಾರಿಗಾದರೂ ಆಗುತ್ತದೆ ಎಂದು ಮಿರ್ಚಾ ಹೇಳುತ್ತಿದ್ದ. ಸುಳ್ಳೆನ್ನಲು ನನ್ನ ಬಳಿ ಏನಿತ್ತು?

ಮನೆಯಲ್ಲಿ ಊಟ ಸೇರಲಿಲ್ಲ. ಮೂರು ದಿನ ನೋಡಿ ನಸೀಮಾ ಕೇಳಿಯೇಬಿಟ್ಟಳು, ಹೇಳಿದೆ. ಅವಳು ತಟ್ಟೆ ತೆಗೆಯುತ್ತ ಅಂದಳು, "ನೀವು ದೇವರಲ್ಲ, ಡಾಕ್ಟರೂ ಅಲ್ಲ, ಖರೆ. ಆದ್ರ ಸಹಿ ನಿಮ್ದ ಐತಿ. ತಪ್ಪಾದ್ರ ಆ ಹೆಣ್ಮಗಳ ಮುಂದ ಹೋಗಿ ತಪ್ಪಾತು ಅನ್ನಾಕ ಬರೋವಂಥಾ ತಪ್ಪು ಮಾಡ್ರಿ. ಹೆಣದ ಮುಂದ ಹೋಗಿ ಏನಂತೀರಿ?"

ಅವಳ ಮಾತು ಸರಿಯೇ. ಆದರೂ ಶನಿವಾರ ಬೆಳಿಗ್ಗೆ ಕ್ಲಬ್ಬಿಗೆ ಹೋಗುವಾಗ ಫ್ರೀವೇ ಉದ್ದಕ್ಕೂ ಅವನು ಚೆನ್ನಾಗಿರಲಿ, ನಾನು ಸಹಿ ಹಾಕುವಂತಾಗಲಿ ಎಂದೇ ಬೇಡಿಕೊಂಡೆ.

ಮಿರ್ಚಾ ಹೆಂಡತಿ ಮಗಳ ಜೊತೆ ಆಗಲೇ ಬಂದು ಕಾದಿದ್ದ. ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟಿದ್ದ. ಎರಡೂ ಮಣಿಕಟ್ಟು ಎತ್ತಿ ತೋರಿಸಿದ, ಏನೂ ಬರೆದಿಲ್ಲ ನೋಡು ಎಂಬಂತೆ. ಐದು ಪ್ರಶ್ನೆ ಕೇಳಿದೆ, ಸರಸರನೆ ಹೇಳಿದ. ಹೊಸದಾಗಿ ಹತ್ತು ಕೇಳಿದೆ. ಹಿಂದಿನ ದಿನ ಏನು ತಿಂದೆ, ಯಾವ ದಾರಿಯಲ್ಲಿ ಬಂದೆ, ಸೈಪ್ರಸ್ಸಿನಲ್ಲಿ ಎಷ್ಟು ವರ್ಷ ಇದ್ದೆ. ಎಲ್ಲವನ್ನೂ ಹೇಳಿದ, ತುಸು ನಿಧಾನ ಅಷ್ಟೆ. ಒಂಟಿಕಾಲಲ್ಲಿ ನಿಲ್ಲಿಸಿದೆ, ಕಣ್ಣಿಗೆ ಬೆಳಕು ಬಿಟ್ಟೆ. ತೂಗಾಡಲಿಲ್ಲ. ನನ್ನ ಎದೆಯ ಭಾರ ಇಳಿಯತೊಡಗಿತು. ಎಲೆನಾಳ ಮುಖದಲ್ಲೂ ಬಣ್ಣ ಬಂತು. ಕಾಗದ ಮೇಜಿನ ಮೇಲಿಟ್ಟು ಪೆನ್ನು ತೆಗೆದೆ.

ಮಗು ಬಾಗಿಲ ಹತ್ತಿರ ಪಟ್ಟಿಯ ಸುರುಳಿ ಉರುಳಿಸುತ್ತ ಆಡುತ್ತಿತ್ತು. ಸಂತೋಷಕ್ಕೆ, ಬರೀ ಸಂತೋಷಕ್ಕೆ, ಮಿರ್ಚಾಗೆ ಹೇಳಿದೆ, ಮಗಳನ್ನು ಕರಿ, ಬಿಸ್ಕತ್ತು ಕೊಡುತ್ತೇನೆ ಎಂದು.

ಅವನು ಬಾಯಿ ತೆರೆದ. ತೆರೆದ ಬಾಯಿ ಹಾಗೇ ಇತ್ತು. ಆಮೇಲೆ ನಕ್ಕು, ಅವರ ಭಾಷೆಯಲ್ಲಿ ಒಂದು ಮಾತು ಹೇಳಿ ಕೈ ಬೀಸಿ ಕರೆದ. ಮಗು ಓಡಿ ಬಂತು. ನನಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಎಲೆನಾ ಮಾತ್ರ ಎದ್ದು ನಿಂತಳು.

ಅವನ ಹತ್ತಿರ ಹೋಗಿ ಮೆಲ್ಲಗೆ ಏನೋ ಕೇಳಿದಳು. ಅವನು ಉತ್ತರಿಸಲಿಲ್ಲ. ಮತ್ತೆ ಕೇಳಿದಳು. ಅವನು ಮಗುವಿನ ಮುಖ ನೋಡುತ್ತ ಕೂತ. ತಡೆದಿಟ್ಟ ಚೆಂಡು ಕೈಯಿಂದ ಜಾರುವುದನ್ನು ನೋಡುವವನ ಹಾಗೆ ನೋಡುತ್ತಿದ್ದ. ಅವನ ಕಿವಿ, ಕತ್ತು ಎಲ್ಲ ಕೆಂಪಾದವು.

"ಮರಿ," ಎಂದಳು ಎಲೆನಾ ನನ್ನ ಕಡೆ ತಿರುಗಿ, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ. "ವಾರವೆಲ್ಲ ಅವಳನ್ನು ಮರಿ, ಮರಿ ಅಂತಲೇ ಕರೆದ. ಮುದ್ದು ಮಾಡ್ತಿದ್ದಾನೆ ಅಂದುಕೊಂಡೆ."

ಮಗು ಬಿಸ್ಕತ್ತು ಎಲ್ಲಿ ಎಂದು ನನ್ನ ಕೈ ನೋಡುತ್ತಿತ್ತು. ನಾನು ಐದು ಕೇಳಿದೆ, ಹತ್ತು ಕೇಳಿದೆ. ಅಪ್ಪನಿಗೆ ಮಗಳ ಹೆಸರು ಗೊತ್ತೇ ಎಂದು ಯಾರು ಕೇಳುತ್ತಾರೆ? ತನಗೆ ಅದು ಮರೆತುಹೋಗಿದೆ ಎಂದು ಅವನಿಗೆ ವಾರವೆಲ್ಲ ಗೊತ್ತಿತ್ತು. ಹೆಸರು ಬರುತ್ತಿಲ್ಲ ಎಂದು ಗೊತ್ತಿದ್ದೂ ಮುಚ್ಚಿಟ್ಟು, ಯಾರಾದರೂ ಆಂಕಾ ಎಂದು ಕೂಗಿದಾಗ ಹಿಡಿದುಕೊಳ್ಳಲು ನೋಡಿ, ಮತ್ತೆ ಕಳೆದುಕೊಳ್ಳುತ್ತಿದ್ದ. ಇದನ್ನು ಆಮೇಲೆ ಅವನೇ ಹೇಳಿದ.

"ಬರೆಯಿರಿ, ಮಿಸ್ಟರ್ ಖಾದರ್," ಎಂದಳು ಎಲೆನಾ. "ಆಡಬಾರದು ಅಂತ ಬರೆಯಿರಿ."

ಬರೆದೆ. ಕೆಳಗೆ ಆಟಗಾರನ ಸಹಿಗೆ ಜಾಗವಿತ್ತು. ಅವನು ಕಾಗದ ಎಳೆದುಕೊಂಡು ಸಹಿ ಹಾಕಿದ, ಒಂದು ಅಕ್ಷರವೂ ತಪ್ಪಲಿಲ್ಲ. ಪೆನ್ನು ಕೆಳಗಿಟ್ಟು, ವಾಪಸು ಬರುತ್ತದೆಯೇ ಎಂದು ಕೇಳಿದ. ಅವನು ಕೇಳಿದ್ದು ಕಾಂಟ್ರಾಕ್ಟಿನ ಮಾತಲ್ಲ. ಎಲ್ಲಾ ಸರಿಹೋಗುತ್ತದೆ ಎಂದು ಸಾವಿರ ಜನರಿಗೆ ಹೇಳಿದ ಬಾಯಿ ಇದು. ಅವತ್ತು ಗೊತ್ತಿಲ್ಲ ಮಿರ್ಚಾ ಎಂದೆ, ಹೇಳುವಾಗ ಅಳು ಬಂತು.

ಭಾನುವಾರ ಡಿಫೆಂಡರ್ ಒಬ್ಬನಿಗೆ ಕೈಗವಸು ತೊಡಿಸಿ ನಿಲ್ಲಿಸಿದರು, ಸೋತೆವು. ಕೋಚ್ ನನ್ನ ಜೊತೆ ಮಾತು ಬಿಟ್ಟರು. ಪ್ರಸಾದ್ ವಕೀಲರನ್ನು ಹಿಡಿದು ಅವನ ವೀಸಾ ಉಳಿಸಲು ತಮ್ಮ ಕೈಲಾದ ಪ್ರಯತ್ನ ಮಾಡಿದರು, ಆಗಲಿಲ್ಲ.

ಅದಾದ ಒಂಬತ್ತನೇ ದಿನ ಬೆಳಿಗ್ಗೆ ಎಲೆನಾ ಫೋನ್ ಮಾಡಿದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ, ಯಾವುದಕ್ಕಾದರೂ ಇರಲಿ ಎಂದು ಕುರ್ಚಿ ಹಿಡಿದುಕೊಂಡೆ. ಮಗು ಶೂ ಹಾಕಿಕೊಳ್ಳದೆ ಹಟ ಮಾಡುತ್ತಿತ್ತಂತೆ, ಶಾಲೆಗೆ ಹೊತ್ತಾಗಿತ್ತಂತೆ, ಮಿರ್ಚಾ ಅಡುಗೆಮನೆಯಿಂದ ಹೆಸರು ಹಿಡಿದು ಗದರಿದನಂತೆ. ಹೆಸರು ಹಿಡಿದು ಎಂದು ಮೂರು ಸಲ ಹೇಳಿದಳು. ಕಾಂಟ್ರಾಕ್ಟು ಹಿಂದಿನ ದಿನವೇ ಮುಗಿದುಹೋಗಿತ್ತು. ಆ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.